ಮಗುವಿನ ಪಾಲು: ಬೇರ್ಪಟ್ಟ ತಂದೆತಾಯಿಯರ ನಡುವೆ ಜೀವನಾಂಶದ ನಿರ್ಧಾರ ಮತ್ತು ವಸೂಲಿ

ಜೀವನಾಂಶದ ಆದೇಶಗಳ ಕೊನೆಯಲ್ಲಿ ಸಾಮಾನ್ಯವಾಗಿ ಎರಡು ಮೊತ್ತಗಳಿರುತ್ತವೆ: ಹೆಂಡತಿಗೆ ಇಷ್ಟು, ಮಗುವಿಗೆ ಇಷ್ಟು. ಹಿಂದಿನ ಪುಟಗಳನ್ನು ತುಂಬುವುದು ಬಹುಮಟ್ಟಿಗೆ ಗಂಡ ಹೆಂಡಿರ ವ್ಯಾಜ್ಯ. ಮಗುವಿನ ಮೊತ್ತ ಯಾವ ಲೆಕ್ಕದಿಂದ ಬಂತೆಂಬ ವಿವರಣೆ ಎಷ್ಟೋ ಸಲ ಸಿಗುವುದಿಲ್ಲ. ಕಾನೂನು ಮಗುವಿನ ಹಕ್ಕನ್ನು ಸ್ವತಂತ್ರವಾಗಿಯೇ ನಿಲ್ಲಿಸಿದೆ; ನ್ಯಾಯಾಲಯದ ರೂಢಿಯಲ್ಲಿ ಅದು ತಾಯಿಯ ಅರ್ಜಿಗೆ ಅಂಟಿದ ಬಾಲವಾಗಿಬಿಟ್ಟಿದೆ ಎಂಬುದು ಈ ಲೇಖನದ ವಾದ.

1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸಾಕಷ್ಟು ಕಾರಣವಿಲ್ಲದೆ ಗಂಡನ ಜೊತೆ ಬಾಳಲು ಒಪ್ಪದ ಅಥವಾ ಪರಸ್ಪರ ಒಪ್ಪಿಗೆಯಿಂದ ಬೇರೆಯಿರುವ ಹೆಂಡತಿಗೆ ಈ ಕಲಂ ಜೀವನಾಂಶ ನಿರಾಕರಿಸುತ್ತದೆ. ಆ ನಿರ್ಬಂಧ ಹೆಂಡತಿಗೆ ಮಾತ್ರ. ತಾಯಿಯ ನಡತೆಯ ಬಗೆಗಿನ ಯಾವ ಆರೋಪವೂ ಮಗುವಿನ ಅನ್ನಕ್ಕೆ ಅಡ್ಡ ಬರಲಾರದು. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಇದೇ ಹಕ್ಕು. ಮುಸ್ಲಿಂ ವಿಚ್ಛೇದಿತ ಮಹಿಳೆಯರ 1986ರ ಕಾಯ್ದೆಯಿಂದ ಮಕ್ಕಳ ಹಕ್ಕು ಮೊಟಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ (1956) ತನ್ನ 20ನೇ ಕಲಮಿನಲ್ಲಿ ಈ ಹೊಣೆಯನ್ನು ತಂದೆತಾಯಿ ಇಬ್ಬರ ಮೇಲೂ ಹೊರಿಸಿದೆ.

ಮೊತ್ತ ಎಷ್ಟು? ಬ್ರಿಟನ್ನಿನ ಪದ್ಧತಿಯಲ್ಲಿ ಮೂಲ ದರಕ್ಕೆ ಒಳಪಡುವ ಆದಾಯಕ್ಕೆ ಒಂದು ಮಗುವಿಗೆ ಶೇ. 12, ಇಬ್ಬರಿಗೆ ಶೇ. 16, ಮೂವರು ಅಥವಾ ಹೆಚ್ಚಿದ್ದರೆ ಶೇ. 19 ಎಂಬ ಸೂತ್ರವಿದೆ. ನಮ್ಮಲ್ಲಿ ಸೂತ್ರವಿಲ್ಲ, ನ್ಯಾಯಾಧೀಶರ ವಿವೇಚನೆಯಿದೆ. 2001ರವರೆಗೆ 125ನೇ ಕಲಮಿನಡಿ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು. ಆ ವರ್ಷದ ತಿದ್ದುಪಡಿ ಮಿತಿಯನ್ನು ತೆಗೆದು, ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ ನೋಟಿಸು ತಲುಪಿದ 60 ದಿನಗಳಲ್ಲಿ ತೀರ್ಮಾನಿಸಬೇಕೆಂದಿತು. ತಂದೆತಾಯಿ ಇಬ್ಬರೂ ದುಡಿಯುತ್ತಿದ್ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಮಕ್ಕಳ ಖರ್ಚನ್ನು 2:1ರ ಪ್ರಮಾಣದಲ್ಲಿ ಹಂಚಿತು.

ನಿಜವಾದ ತಿರುವು ಬಂದದ್ದು 2020ರ ನವೆಂಬರ್ 4ರಂದು. ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ, ಎರಡೂ ಕಡೆಯವರು ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಮಗುವಿನ ಊಟ, ಬಟ್ಟೆ, ವಸತಿ, ಔಷಧಿ, ಶಿಕ್ಷಣ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಶಿಕ್ಷಣದ ವೆಚ್ಚ ಸಾಮಾನ್ಯವಾಗಿ ತಂದೆಯದು, ತಾಯಿಗೂ ಸಾಕಷ್ಟು ಸಂಪಾದನೆಯಿದ್ದರೆ ಹಂಚಿಕೊಳ್ಳಬಹುದು; ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕು. ಕೃಷಿಕರಿಗೆ ಬೇರೆಯದೇ ನಮೂನೆ ಕೊಟ್ಟಿದ್ದು ನನಗೆ ತುಂಬ ಮುಖ್ಯವೆನಿಸುತ್ತದೆ. ಸಂಬಳದ ಚೀಟಿಯಿಲ್ಲದ ತಂದೆಯ ಆದಾಯವನ್ನು ಜಮೀನಿನ ವಿಸ್ತೀರ್ಣ, ಆ ವರ್ಷ ಬೆಳೆದ ಬೆಳೆಗಳಿಂದ ಅಳೆಯುವ ದಾರಿ ಅದು. ನಮ್ಮಲ್ಲಾದರೆ ಪಹಣಿ ತೆಗೆಸಿದರೆ ಅರ್ಧ ಸತ್ಯ ಅಲ್ಲಿಯೇ ಸಿಗುತ್ತದೆ.

ತೊಡಕಿರುವುದು ವಸೂಲಿಯಲ್ಲಿ. ಆದೇಶವಾದ ಮೇಲೂ ಹಣ ಬಾರದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕಾದವಳು ತಾಯಿ. ವಾರಂಟ್ ಹೊರಡಿಸಿ ಬಾಕಿಯನ್ನು ದಂಡದಂತೆ ವಸೂಲು ಮಾಡಬಹುದು. ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋದ ಮಾತ್ರಕ್ಕೆ ಸಾಲ ತೀರುವುದಿಲ್ಲ, ಜೈಲು ವಸೂಲಿಯ ಒಂದು ವಿಧಾನ ಮಾತ್ರವೆಂದು 1989ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಈ ವಾರಂಟ್ ಸಿಗುವುದಿಲ್ಲ. ಕೂಲಿಯೋ ಕಚೇರಿಯೋ ಬಿಟ್ಟು ಬರಲಾಗದ ತಾಯಿಯ ಒಂದು ತಡ ಮಗುವಿನ ನಷ್ಟವಾಗುತ್ತದೆ. ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಈ ಬಿಗಿಯನ್ನು ಸಡಿಲಿಸಿತು: ಮೊದಲ ಅರ್ಜಿ ಅವಧಿಯೊಳಗೆ ಬಂದು ಇನ್ನೂ ಇತ್ಯರ್ಥವಾಗದಿದ್ದರೆ, ನಂತರದ ಬಾಕಿಯನ್ನೂ ಅದರಲ್ಲೇ ಕೇಳಬಹುದು, ಏಕೆಂದರೆ ಜೀವನಾಂಶದ ಹೊಣೆ ನಿರಂತರವಾದದ್ದು. ಮಗುವಿನ ಪರವಾಗಿ ನಿಲ್ಲುವ ಇಂಥ ತೀರ್ಪನ್ನು ಪ್ರತಿ ಕೌಟುಂಬಿಕ ನ್ಯಾಯಾಲಯದ ಸಲಹೆಗಾರರೂ ತಾಯಂದಿರಿಗೆ ತಿಳಿಸಿ ಹೇಳಬೇಕು.

ಸಂಬಳದಾರರ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರರಲ್ಲಿ ಒಂದು ಪಾಲನ್ನು ಮಾತ್ರ ಬಿಟ್ಟು ಉಳಿದದ್ದನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅವಕಾಶ ಕೊಡುತ್ತದೆ. ಆದರೆ ತಿಂಗಳುಗಟ್ಟಲೆ ಬಾಕಿ ಬೆಳೆದ ಮೇಲೆ ಈ ದಾರಿ ಹಿಡಿಯುವುದು ರೂಢಿ. ತಂದೆ ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇದ್ದರೆ ಕಷ್ಟ ಇಮ್ಮಡಿ. ಮಕ್ಕಳ ಜೀವನಾಂಶದ ವಸೂಲಿಗಾಗಿ ರೂಪುಗೊಂಡ 2007ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ.

ವಯಸ್ಸಿನ ಪ್ರಶ್ನೆಯೂ ಇದೆ. ಹದಿನೆಂಟಕ್ಕೆ ಹಕ್ಕು ಮುಗಿಯುತ್ತದೆಂದರೆ, ಪಿಯುಸಿ ಮುಗಿದು ಕಾಲೇಜಿನ ಶುಲ್ಕ ಶುರುವಾಗುವ ಹೊತ್ತಿಗೇ ಹಣ ನಿಂತಂತೆ. ಮದುವೆಯಾಗದ ಮಗಳಿಗೆ 1956ರ ಕಾಯ್ದೆಯ ರಕ್ಷಣೆಯಿದೆ. ಮಗನಿಗೂ ಮೊದಲ ಪದವಿ ಮುಗಿಯುವವರೆಗೆ ಕೊಡಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಆದೇಶಿಸಿತು.

ಹೊಸ ಶಾಸನಕ್ಕೆ ಕಾಯದೆ ನಮ್ಮ ಕೌಟುಂಬಿಕ ನ್ಯಾಯಾಲಯಗಳು ಮಾಡಬಹುದಾದದ್ದು ಇಷ್ಟಿದೆ: ಮಗುವಿನ ಮೊತ್ತಕ್ಕೆ ಪ್ರತ್ಯೇಕ ಕಾರಣ ಬರೆಯಲಿ, ಶಾಲೆಯ ಶುಲ್ಕ ಏರಿದಂತೆ ವರ್ಷವರ್ಷ ಅದು ಎಷ್ಟು ಹೆಚ್ಚಬೇಕೆಂದು ಆದೇಶದಲ್ಲೇ ಹೇಳಲಿ, ತಂದೆ ನೌಕರನಾಗಿದ್ದರೆ ಮೊದಲ ತಿಂಗಳಿಂದಲೇ ಸಂಬಳದಿಂದ ಮಗುವಿನ ಖಾತೆಗೆ ಹಣ ಹೋಗುವಂತೆ ಮಾಡಲಿ.