ಒಂದೇ ಮನೆಗೆ ಎರಡು ಕಥೆ

ಕನ್ನಡದಲ್ಲಿ ಯಾವ ಆತ್ಮಕಥೆ ಓದಬೇಕು ಎಂದು ಕೇಳಿದವರಿಗೆ ನಾನು ಪುಸ್ತಕಗಳನ್ನು ಬಿಡಿಯಾಗಿ ಹೇಳುವುದಿಲ್ಲ, ಜೋಡಿಯಾಗಿ ಹೇಳುತ್ತೇನೆ. ಪಿ. ಲಂಕೇಶರ ‘ಹುಳಿಮಾವಿನ ಮರ’ ಕೈಗೆತ್ತಿಕೊಂಡರೆ ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಓದದೆ ಬಿಡಬಾರದು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಜತೆಗೆ ಅವರ ಮಗ ತೇಜಸ್ವಿಯವರ ‘ಅಣ್ಣನ ನೆನಪು’ ಇರಬೇಕು. ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಮುಗಿಸಿದವರು ಪ್ರೇಮಾ ಕಾರಂತರ ‘ಸೋಲಿಸಬೇಡ ಗೆಲಿಸಯ್ಯ’ ಹುಡುಕಿ ಓದಬೇಕು. ಬರೆದವರು ಎಷ್ಟೇ ನಿಷ್ಠುರವಾಗಿ ತಮ್ಮನ್ನು ನೋಡಿಕೊಂಡಿದ್ದರೂ ಅವರ ಕಣ್ಣಿಗೆ ಬೀಳದ ಒಂದು ಮಗ್ಗುಲು ಇದ್ದೇ ಇರುತ್ತದೆ. ಪಕ್ಕದಲ್ಲಿ ಬದುಕಿದವರಿಗೆ ಅದು ಕಂಡಿರುತ್ತದೆ. ಕನ್ನಡ ಆತ್ಮಕಥೆ ಬೆಳೆದು ಬಂದದ್ದೂ ಹೀಗೆಯೇ. ಮೊದಲು ಬರೆದವರು ಕಂಡ ಕಾಲವನ್ನೇ ತಾವೂ ಕಂಡಿದ್ದು, ಬರೆಯುವ ಅವಕಾಶ ಸಿಗದಿದ್ದವರು ಒಬ್ಬೊಬ್ಬರಾಗಿ ಬಂದು ಮಾತು ಸೇರಿಸಿದರು.

ಮೊದಲ ತಲೆಮಾರಿಗೆ ತಮ್ಮ ಬಗ್ಗೆ ತಾವೇ ಬರೆದುಕೊಳ್ಳಲು ಸಂಕೋಚ. ಆಲೂರ ವೆಂಕಟರಾಯರ ‘ನನ್ನ ಜೀವನ ಸ್ಮೃತಿಗಳು’ ಕೃತಿಯಲ್ಲಿ ವ್ಯಕ್ತಿಗಿಂತ ನಾಡಿನ ಕೆಲಸವೇ ಮುಂದೆ ನಿಲ್ಲುತ್ತದೆ. ಡಿ.ವಿ.ಜಿ. ಅಂತೂ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಮೈಸೂರಿನ ದಿವಾನರು, ವೀಣೆ ಶೇಷಣ್ಣ, ಮುಳಬಾಗಿಲಿನ ವೈದಿಕರು ಎಲ್ಲರೂ ಅಲ್ಲಿ ಜೀವಂತವಾಗಿ ಓಡಾಡುತ್ತಾರೆ, ಡಿ.ವಿ.ಜಿ. ಮಾತ್ರ ಬಾಗಿಲ ಮರೆಯಲ್ಲಿ ನಿಂತಿರುತ್ತಾರೆ. ಅಮಲ್ದಾರರಾಗಿ ಊರೂರು ಸುತ್ತಿದ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಇದೇ ಮನೋಧರ್ಮದ್ದು. ಹಳೆಯ ಮೈಸೂರು ಸಂಸ್ಥಾನದ ಆಡಳಿತ ಹಳ್ಳಿಯ ಮಟ್ಟದಲ್ಲಿ ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ಇದಕ್ಕಿಂತ ರುಚಿಯಾದ ಪುಸ್ತಕವನ್ನು ನಾನು ಓದಿಲ್ಲ. ಈ ಸಾಲಿನಿಂದ ಆಚೆ ನಿಂತವರು ಹಲಸಂಗಿಯ ಮಧುರಚೆನ್ನರು. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಕೃತಿಗಳಲ್ಲಿ ಅವರು ತಮ್ಮ ಒಳಗಿನ ಸಂಶಯ, ನಾಸ್ತಿಕತೆ, ಹಂಬಲಗಳನ್ನು ಬಿಚ್ಚಿಟ್ಟ ರೀತಿಗೆ ಕನ್ನಡದಲ್ಲಿ ಅದಕ್ಕೆ ಮೊದಲು ಮಾದರಿ ಇರಲಿಲ್ಲವೆಂದೇ ನನ್ನ ತಿಳಿವಳಿಕೆ. ಇಂದು ಅವನ್ನು ಓದುವವರು ಕಡಿಮೆಯಾಗಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

1948ರಲ್ಲಿ ಬಂದ ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಈ ಸಂಕೋಚವನ್ನು ಪಕ್ಕಕ್ಕಿಟ್ಟಿತು. ಪತ್ರಿಕೆ ನಡೆಸಿದ್ದು, ನಾಟಕ ಆಡಿಸಿದ್ದು, ಮೂಕಿ ಚಿತ್ರ ತೆಗೆದದ್ದು, ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದ್ದು, ಒಂದರ ಸಾಲ ತೀರುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿದ್ದು ಎಲ್ಲವೂ ಅದರಲ್ಲಿದೆ. ಸೋಲನ್ನು ಸೋಲೆಂದೇ ಹೇಳಿ ಮುಂದಕ್ಕೆ ಹೋಗುವ ಅವರ ಧಾಟಿ ಇಂದಿಗೂ ಹಳತಾಗಿಲ್ಲ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’, ಮಾಸ್ತಿಯವರ ಮೂರು ಭಾಗಗಳ ‘ಭಾವ’, ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ ಇವೆಲ್ಲ ಆಮೇಲಿನ ದಶಕಗಳಲ್ಲಿ ಬಂದವು. 1980ರಲ್ಲಿ ಪ್ರಕಟವಾದ ‘ನೆನಪಿನ ದೋಣಿಯಲ್ಲಿ’ ಸಾವಿರ ಪುಟ ಮೀರಿದ ಗ್ರಂಥ. ಹಳೆಯ ದಿನಚರಿಗಳ ಹಾಳೆಗಳನ್ನು ಹಾಗೆಯೇ ಸೇರಿಸಿರುವುದರಿಂದ ಕೆಲವು ಕಡೆ ಓದು ನಿಧಾನವಾಗುತ್ತದೆ. ಮಲೆನಾಡಿನ ಬಾಲ್ಯದ ಭಾಗ ಮಾತ್ರ ಕನ್ನಡ ಗದ್ಯದ ಎತ್ತರಗಳಲ್ಲಿ ಒಂದು.

ತೇಜಸ್ವಿಯವರು ಆ ಎತ್ತರದ ಮನುಷ್ಯನನ್ನು ಮನೆಯೊಳಗಿನಿಂದ ಕಂಡವರು. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು 1996ರಲ್ಲಿ ಪುಸ್ತಕವಾದ ‘ಅಣ್ಣನ ನೆನಪು’ ಕೃತಿಯಲ್ಲಿ ಮಹಾಕವಿಯ ಜಾಗದಲ್ಲಿ ಒಬ್ಬ ತಂದೆ ಕೂತಿದ್ದಾರೆ. ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ ಮಕ್ಕಳ ಪುಂಡಾಟ ಸಹಿಸಿಕೊಂಡು, ಓದಿನಲ್ಲಿ ಹಿಂದೆ ಬಿದ್ದ ಮಗನನ್ನು ಅವನ ಪಾಡಿಗೆ ಬಿಟ್ಟ ತಂದೆ. ದೊಡ್ಡವರ ಮಕ್ಕಳು ಬರೆದ ನೆನಪುಗಳಲ್ಲಿ ಸಾಮಾನ್ಯವಾಗಿ ಕಾಣುವ ಆರಾಧನೆ ಇಲ್ಲಿಲ್ಲ, ಮುನಿಸೂ ಇಲ್ಲ.

ಕನ್ನಡ ಆತ್ಮಕಥೆಯ ದಿಕ್ಕು ತಿರುಗಿದ್ದು 1990ರ ದಶಕದಲ್ಲಿ. ಮರಾಠಿಯಲ್ಲಿ ದಯಾ ಪವಾರರ ‘ಬಲುತಂ’ 1978ರಲ್ಲೇ ಬಂದು ದಲಿತ ಆತ್ಮಕಥೆಗಳ ಒಂದು ಪರಂಪರೆಯೇ ಶುರುವಾಗಿತ್ತು. ಕನ್ನಡದಲ್ಲಿ ದಲಿತ ಕವಿತೆ, ಕಥೆ, ಕಾದಂಬರಿಗಳು ಮೊದಲು ಬಂದು ಆತ್ಮಕಥೆ ತಡವಾಯಿತು. 1994ರಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ ಪ್ರಕಟವಾಯಿತು. ಅದು ಹುಟ್ಟಿದಂದಿನಿಂದ ಸಾಲಾಗಿ ಹೇಳುವ ಕಥೆಯಲ್ಲ. ಶಾಲೆ, ಬಾವಿ, ಮದುವೆಯೂಟ, ಪ್ರೇಮ ಎಂದು ಒಂದೊಂದೇ ಪ್ರಸಂಗವನ್ನು ತೆಗೆದು ಅವಮಾನ ಹೇಗೆ ನಡೆಯುತ್ತದೆಂದು ತೋರಿಸುವ ಪುಸ್ತಕ.

ಸ್ವಲ್ಪ ಸಮಯದಲ್ಲೇ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯ ಮೊದಲ ಭಾಗ ಬಂತು. ಅದರ ಆರಂಭದ ಪುಟ ಮರೆಯುವಂಥದ್ದಲ್ಲ. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಡುಗನೊಬ್ಬ ತನ್ನ ಮನೆಯ ಕಡೆಯಿಂದ ಹೊಲದತ್ತ ನೋಡುತ್ತಿದ್ದಾನೆ. ಇಬ್ಬರು ಗಂಡಸರ ಹೆಗಲ ಮೇಲೆ ನೊಗ ಇದೆ, ಮೂರನೆಯವನು ಹಿಂದೆ ಉಳುತ್ತಿದ್ದಾನೆ. ಮನುಷ್ಯರು ಎತ್ತುಗಳಂತೆ ನಡೆಯುವುದು ಹುಡುಗನಿಗೆ ವಿಚಿತ್ರವಾಗಿ ಕಾಣುತ್ತದೆ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಬರೆದವರು ಅಲ್ಲಿ ಗೋಳಾಡುವುದಿಲ್ಲ, ಸಿಟ್ಟನ್ನೂ ಹೊರಗೆ ಹಾಕುವುದಿಲ್ಲ. ಮಗುವಿಗೆ ಎಷ್ಟು ಕಂಡಿತೋ ಅಷ್ಟೇ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ. ‘ಇಕ್ರಲಾ ಒದೀರ್ಲಾ’ ಎಂದು ಬರೆದ ಕವಿಯೇ ಇವರು ಎಂಬುದನ್ನು ನೆನೆದಾಗ ಈ ಸಂಯಮ ಇನ್ನಷ್ಟು ತಟ್ಟುತ್ತದೆ. ಪುಸ್ತಕದುದ್ದಕ್ಕೂ ನಗುವಿದೆ, ಹಸಿವಿನ ನಡುವೆ ಕೇರಿಯ ಜನ ಹೇಗೆ ನಗುತ್ತಿದ್ದರು ಎಂಬುದೂ ಆ ಬದುಕಿನ ದಾಖಲೆಯೇ ಎಂಬಂತೆ.

ಇದರ ಜೋಡಿಯಾಗಿ ನಾನು ಸೂಚಿಸುವುದು ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯನ್ನು. ಅದು ಬಂದದ್ದು 1996ರಲ್ಲಿ. ಪ್ಲೇಗಿಗೆ ಒಡಹುಟ್ಟಿದವರನ್ನೂ ತಾಯಿಯನ್ನೂ ಕಳೆದುಕೊಂಡ ಸಂತೇಶಿವರದ ಹುಡುಗ ಒಂದೊಂದು ತುತ್ತಿಗೂ ಪರದಾಡಿ ಓದಿದ ಕಥೆ. ಹಸಿವು ಎರಡು ಪುಸ್ತಕಗಳಲ್ಲೂ ಇದೆ. ಆದರೆ ಭೈರಪ್ಪನವರಿಗೆ ವಾರಾನ್ನ ಕೇಳಲು ಹೋಗಬಹುದಾದ ಮನೆಗಳಿದ್ದವು, ಎಷ್ಟೋ ಸಲ ಅವಮಾನದೊಡನೆಯಾದರೂ. ಸಿದ್ಧಲಿಂಗಯ್ಯನವರಿಗೆ ಆ ಮನೆಗಳ ಬಾಗಿಲು ಇರಲಿಲ್ಲ; ಇದ್ದದ್ದು ಬೆಂಗಳೂರಿನ ಹಾಸ್ಟೆಲು. ಬಡತನವೊಂದೇ ಅಲ್ಲ, ಬಡವನು ಯಾರ ಮನೆಯ ಮುಂದೆ ನಿಲ್ಲಬಹುದು ಎಂಬುದನ್ನೂ ಜಾತಿ ಗೊತ್ತುಮಾಡುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಓದಿದಾಗ ನನಗೆ ಇದು ಯಾವ ಸಮಾಜಶಾಸ್ತ್ರದ ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಹೆಣ್ಣುಮಕ್ಕಳ ಆತ್ಮಕಥೆಗಳು ಒಟ್ಟೊಟ್ಟಾಗಿ ಬರತೊಡಗಿದ್ದು ಇದರ ಆಮೇಲೆ. ಲಂಕೇಶರ ಪುಸ್ತಕದಲ್ಲಿ ಕೊನಗವಳ್ಳಿ, ಕಾಲೇಜು, ಪತ್ರಿಕೆ, ರಾಜಕೀಯ ಎಲ್ಲ ರಭಸವಾಗಿ ಹರಿಯುತ್ತವೆ. ಆ ರಭಸದ ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಎಂಬುದು ಇಂದಿರಾ ಅವರ ಪುಸ್ತಕದಲ್ಲಿದೆ. ಮಕ್ಕಳನ್ನು ಬೆಳೆಸಿ, ಸೀರೆ ಅಂಗಡಿ ನಡೆಸಿ ತಮ್ಮ ಕಾಲ ಮೇಲೆ ನಿಂತ ಹೆಂಗಸು ಗಂಡನನ್ನು ಪ್ರೀತಿಸಿಯೂ ನೋವನ್ನು ಮುಚ್ಚಿಡದೆ ಬರೆದಿದ್ದಾರೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಹೊತ್ತು ಕಂತುವ ಮುನ್ನ’ ಮುಸ್ಲಿಂ ಹುಡುಗಿಯೊಬ್ಬಳು ಕನ್ನಡ ಶಾಲೆಗೆ ಹೋಗಿ ಲೇಖಕಿಯಾದ ದಾರಿಯನ್ನು ಹೇಳುತ್ತದೆ. ವಿಜಯಮ್ಮನವರ ‘ಕುದಿ ಎಸರು’ ಇವೆಲ್ಲಕ್ಕಿಂತ ಕಠಿಣವಾದ ಓದು. ಚಿಕ್ಕ ವಯಸ್ಸಿನ ಮದುವೆ, ಮನೆಯೊಳಗಿನ ಹಿಂಸೆ, ಅದರಿಂದ ಹೊರಬಂದು ಪತ್ರಕರ್ತೆಯಾಗಿ, ಪ್ರಕಾಶಕಿಯಾಗಿ ನೆಲೆ ಕಂಡುಕೊಂಡದ್ದು; ಯಾವುದನ್ನೂ ಅವರು ಮೆದುಗೊಳಿಸಿಲ್ಲ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಪುಸ್ತಕಕ್ಕೆ ಸಂದಾಗ ಅಡುಗೆಮನೆಯ ಕಥೆಗಳಿಗೆ ಸಾಹಿತ್ಯದ ನಡುಮನೆಯಲ್ಲೇ ಜಾಗ ಸಿಕ್ಕಿತೆಂದು ನಾನು ಸಂಭ್ರಮಪಟ್ಟೆ.

ಇನ್ನೊಂದು ಬಗೆಯೂ ಇದೆ: ಒಬ್ಬರು ಹೇಳಿ ಇನ್ನೊಬ್ಬರು ಬರೆದುಕೊಂಡದ್ದು. ಬಿ.ವಿ. ಕಾರಂತರು ಹೇಳಿದ್ದನ್ನು ವೈದೇಹಿ ಬರೆದರು. ಮಾತಿನ ಓಟ, ಕಾರಂತರ ಚಡಪಡಿಕೆ ಒಂದೂ ಅಳಿಯದಂತೆ. ಅನಂತಮೂರ್ತಿಯವರ ‘ಸುರಗಿ’ಗೆ ಜ.ನಾ. ತೇಜಶ್ರೀ ನೆರವಾದರು. ಜೋಗತಿ ಮಂಜಮ್ಮನವರ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಬಂತು. ಬಯಲುಸೀಮೆಯ ಜೋಗತಿಯೊಬ್ಬರ ಮಾತು ಅಚ್ಚಿಗೆ ಬರಬೇಕಾದರೆ ಹೀಗೆ ತಾಳ್ಮೆಯಿಂದ ಕೇಳಿಸಿಕೊಳ್ಳುವವರು ಬೇಕು. ಬರೆದುಕೊಂಡವರು ತಮ್ಮ ಸಾಹಿತ್ಯದ ಭಾಷೆಯನ್ನು ಮೇಲೆ ಹೊದಿಸಿದ ಕಡೆಯೆಲ್ಲ ಇಂಥ ಪುಸ್ತಕಗಳು ಸೊರಗಿವೆ.

ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಅದರ ಅರ್ಪಣೆಯನ್ನು ದಾಟಿ ಮುಂದೆ ಹೋಗಬೇಡಿ. ತಾಯಿ ಬಸುರಿಯಾಗಿದ್ದಾಗ ಈ ಮಗು ಬೇಡವೆಂದು ಪುಣೆಯ ವೈದ್ಯೆಯೊಬ್ಬರ ಬಳಿ ಹೋಗಿದ್ದರು. ವೈದ್ಯೆ ಬರುವುದು ತಡವಾಯಿತು, ಕಾದು ಕಾದು ತಾಯಿ ಎದ್ದು ಬಂದರು. ಅಂದು ಬಾರದಿದ್ದ ಆ ವೈದ್ಯೆಗೇ ಕಾರ್ನಾಡರು ಪುಸ್ತಕವನ್ನು ಅರ್ಪಿಸಿದ್ದಾರೆ. ತನ್ನ ಇಡೀ ಬದುಕನ್ನು ಇಷ್ಟು ಹಗುರವಾಗಿ ಕೈಯಲ್ಲಿ ಹಿಡಿದು ಶುರುಮಾಡುವ ಇನ್ನೊಂದು ಆತ್ಮಕಥೆ ನಮ್ಮಲ್ಲಿಲ್ಲ.

ಹೊಸ ಓದುಗರು ಕುವೆಂಪು ಅವರ ಸಾವಿರ ಪುಟದಿಂದ ಶುರುಮಾಡುವುದು ಬೇಡ. ‘ಅಣ್ಣನ ನೆನಪು’ ಮೊದಲು, ‘ಊರು ಕೇರಿ’ ಆಮೇಲೆ, ಅದರ ಬೆನ್ನಿಗೇ ‘ಭಿತ್ತಿ’. ‘ಕುದಿ ಎಸರು’ ಓದಲು ಮನಸ್ಸು ಗಟ್ಟಿಯಿರುವ ವಾರವನ್ನು ಆರಿಸಿಕೊಳ್ಳಿ. ಸನ್ಮಾನ, ಶಾಲು, ಗಣ್ಯರೊಡನೆ ತೆಗೆಸಿಕೊಂಡ ಫೋಟೋಗಳಿಂದಲೇ ತುಂಬಿ ವರ್ಷವರ್ಷವೂ ಬರುವ ಜೀವನಕಥನಗಳನ್ನು ಧಾರಾಳವಾಗಿ ಬಿಡಬಹುದು. ಆ ಹೊತ್ತನ್ನು ಮಧುರಚೆನ್ನರಿಗೆ ಕೊಡಿ. ಅವರ ಪುಸ್ತಕ ಅಂಗಡಿಯಲ್ಲಿ ಸಿಗದಿದ್ದರೆ ಊರಿನ ಗ್ರಂಥಾಲಯದಲ್ಲಿ ಕೇಳಿ ತೆಗೆಸಿ.