ಮೂರು ನಳಿಗೆಯ ಕೋವಿ



ಇತಿಹಾಸಕ್ಕೆ ಆಧಾರಗಳು ಯಾವುವು ಎಂದು ತರಗತಿಯಲ್ಲಿ ಪ್ರಶ್ನಿಸಿದರೆ, ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರವಣಿಗೆ ಎಂದು ವಿದ್ಯಾರ್ಥಿಗಳು ತಡೆಯಿಲ್ಲದೆ ಉತ್ತರ ಹೇಳುತ್ತಾರೆ. ಬೇಟೆಯ ಕೋವಿಯೂ ಒಂದು ಆಧಾರವೆಂದು ಹೇಳಿದವನನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಜರ್ಮನಿಯಲ್ಲಿ ಹುಟ್ಟಿದ ಒಂದು ಜಾತಿಯ ಕೋವಿಯುಂಟು. ಅದರ ನಳಿಗೆಗಳನ್ನು ಕಳಚಿ ತಳಭಾಗವನ್ನು ಬೆಳಕಿಗೆ ಹಿಡಿದರೆ, ಒಂದು ನಾಡಿನ ಶಾಸನ, ಕಸಬು, ಅಪರಾಧ, ಸೋಲು ಎಲ್ಲವೂ ಉಕ್ಕಿನ ಮೇಲೆ ಅಚ್ಚೊತ್ತಿರುವುದು ಕಾಣುತ್ತದೆ. ಇಂತಹ ಹಳೆಯ ಕೋವಿಗಳನ್ನು ಕೂಡಿಡುವವರು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅನೇಕರಿದ್ದಾರೆ. ಅವರು ಕೂಡಿಡುವುದು ನಿಜವಾಗಿ ಏನನ್ನು ಎಂಬುದೇ ಈ ಭಾಷಣದ ವಿಷಯ.

ಕೋವಿಗಳಲ್ಲಿ ಸ್ಥೂಲವಾಗಿ ಎರಡು ಬಗೆ. ನುಣುಪಾದ ನಳಿಗೆಯಿಂದ ಚರೆಯನ್ನು, ಎಂದರೆ ಸಣ್ಣ ಗುಂಡುಗಳ ಗೊಂಚಲನ್ನು, ಹಾರಿಸುವುದು ಒಂದು. ಅದು ಮೊಲಕ್ಕೂ ಹಕ್ಕಿಗೂ ತಕ್ಕುದು. ನಳಿಗೆಯ ಒಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದು ಒಂದೇ ಗುಂಡನ್ನು ದೂರಕ್ಕೆ ಗುರಿ ತಪ್ಪದಂತೆ ಕಳುಹಿಸುವ ರೈಫಲ್ ಇನ್ನೊಂದು. ಅದು ಜಿಂಕೆಗೂ ಕಾಡುಹಂದಿಗೂ ತಕ್ಕುದು. ಜರ್ಮನರು ಮೊದಲನೆಯದನ್ನು ಫ್ಲಿಂಟೆ ಎಂದೂ ಎರಡನೆಯದನ್ನು ಬ್ಯೂಕ್ಸೆ ಎಂದೂ ಕರೆಯುತ್ತಾರೆ. ಎರಡನ್ನೂ ಒಂದೇ ಹಿಡಿಗೆ ಜೋಡಿಸಿದರೆ ಅದು ಬ್ಯೂಕ್ಸ್‌ಫ್ಲಿಂಟೆ. ಮೂರು ನಳಿಗೆಗಳಿದ್ದರೆ ಡ್ರಿಲ್ಲಿಂಗ್, ನಾಲ್ಕಿದ್ದರೆ ಫೀರ್ಲಿಂಗ್. ಡ್ರಿಲ್ಲಿಂಗ್ ಎಂಬ ಮಾತಿಗೆ ಒಂದೇ ಬಸಿರಿನಲ್ಲಿ ಹುಟ್ಟಿದ ಮೂರು ಮಕ್ಕಳಲ್ಲಿ ಒಬ್ಬನೆಂಬ ಅರ್ಥವೂ ಉಂಟು. ಅದರ ಮೂಲವಾದ ‘ಡ್ರೈ’ ಎಂಬ ಸಂಖ್ಯಾವಾಚಕವು ನಮ್ಮ ಸಂಸ್ಕೃತದ ‘ತ್ರಿ’ ಶಬ್ದಕ್ಕೆ ದೂರದ ದಾಯಾದಿ.

ಮೂರು ನಳಿಗೆಗಳನ್ನು ಒಂದುಗೂಡಿಸುವ ಶ್ರಮವನ್ನು ಜರ್ಮನರು ಏಕೆ ಪಟ್ಟರು? ನಮ್ಮ ಮೈಸೂರು ಸೀಮೆಯ ಕಾಡುಗಳಲ್ಲಿ ಹಿಂದೆ ನಡೆಯುತ್ತಿದ್ದ ದೊಡ್ಡ ಬೇಟೆಗಳನ್ನು ನೆನೆದುಕೊಳ್ಳಿ. ಬೇಟೆಗಾರನ ಹಿಂದೆ ಕೋವಿ ಹೊರುವ ಆಳುಗಳಿದ್ದರು. ಮೃಗಕ್ಕೆ ತಕ್ಕ ಕೋವಿ ಕೈಗೆ ಬರುತ್ತಿತ್ತು. ಇಂಗ್ಲೆಂಡಿನ ಜಹಗೀರುಗಳಲ್ಲಿ ಆಳುಗಳು ಹಕ್ಕಿಗಳನ್ನು ಎಬ್ಬಿಸಿ ಧಣಿಗಳ ಕಡೆಗೆ ಅಟ್ಟುತ್ತಿದ್ದುದರಿಂದ, ಏನು ಬರುವುದೆಂಬುದು ಮೊದಲೇ ಗೊತ್ತಿರುತ್ತಿತ್ತು. ಜರ್ಮನಿಯ ಬೇಟೆಗಾರನ ಸ್ಥಿತಿ ಬೇರೆ. ಅವನು ಒಬ್ಬನೇ ನಾಯಿಯೊಡನೆ ಕಾಡಿನ ಅಂಚಿನಲ್ಲಿ ನಡೆಯುವವನು. ಪೊದೆಯಿಂದ ಮೊಲ ಹಾರಬಹುದು, ಕವುಜುಗ ಏಳಬಹುದು, ನೂರು ಗಜದಾಚೆ ರೋ ಎಂಬ ಸಣ್ಣ ಜಿಂಕೆ ತಲೆ ಎತ್ತಬಹುದು. ಹೊರುವುದಕ್ಕೆ ಅವನಿಗಿದ್ದುದು ಒಂದೇ ಹೆಗಲು.

ಈ ಒಂಟಿ ಬೇಟೆಗಾರನ ಹಿಂದೆ ಒಂದು ರಾಜಕೀಯ ಚರಿತ್ರೆಯಿದೆ. 1848ಕ್ಕೆ ಮೊದಲು ಪ್ರಷ್ಯದಲ್ಲಿ ರೈತನ ಹೊಲದಲ್ಲಿ ಬೇಟೆಯಾಡುವ ಹಕ್ಕು ಬಹುಮಟ್ಟಿಗೆ ಪ್ರಭುಗಳದಾಗಿತ್ತು. ಆ ವರ್ಷದ ಕ್ರಾಂತಿಯ ಫಲವಾಗಿ ಅಕ್ಟೋಬರ್ 31ರ ಶಾಸನವು ಅನ್ಯರ ನೆಲದ ಮೇಲಿನ ಬೇಟೆಯ ಹಕ್ಕನ್ನು ರದ್ದುಮಾಡಿ, ಅದನ್ನು ನೆಲದ ಒಡೆತನಕ್ಕೆ ಸೇರಿಸಿತು. ಎಲ್ಲರೂ ಎಲ್ಲೆಡೆ ಗುಂಡು ಹಾರಿಸತೊಡಗಿದರೆ ಮೃಗಗಳು ಉಳಿಯಲಾರವು. ಆದುದರಿಂದ 1850ರ ಶಾಸನವು 300 ಮಾರ್ಗೆನ್, ಎಂದರೆ ಸುಮಾರು 190 ಎಕರೆ, ಒಟ್ಟಾಗಿ ಉಳ್ಳವನು ಮಾತ್ರ ಸ್ವತಂತ್ರವಾಗಿ ಬೇಟೆಯಾಡಬಹುದೆಂದು ವಿಧಿಸಿತು. ಸಣ್ಣ ಹಿಡುವಳಿಗಳನ್ನು ಒಟ್ಟುಗೂಡಿಸಿ ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆಯಿತು. ಹೀಗೆ ಪಟ್ಟಣದ ವೈದ್ಯನೂ ವಕೀಲನೂ ವರ್ತಕನೂ ಒಂದು ತುಂಡು ಕಾಡಿಗೆ ಗುತ್ತಿಗೆದಾರರಾಗಿ, ಅಲ್ಲಿಯ ಮೃಗಗಳ ಲೆಕ್ಕವನ್ನು ಇಟ್ಟುಕೊಂಡು, ಎಲ್ಲ ಬಗೆಯ ಬೇಟೆಯನ್ನೂ ಒಂದೇ ನಡಿಗೆಯಲ್ಲಿ ಆಡುವಂತಾಯಿತು. ಇಂತಹವರಿಗೂ ಅರಣ್ಯಾಧಿಕಾರಿಗಳಿಗೂ ಬೇಕಾಗಿದ್ದ ಕೋವಿ ಇದು. 1878ರಲ್ಲಿ ಮ್ಯೂನಿಕ್ಕಿನ ಪೀಟರ್ ಓಬರ್‌ಹಮ್ಮರ್ ಎಂಬ ಕುಶಲಿಯು ಡ್ರಿಲ್ಲಿಂಗಿಗೆ ಪೇಟೆಂಟು ಪಡೆದನು. ಇದೇ ತೊಡಕಿಗೆ ಇಂಗ್ಲಿಷರು ಕಂಡ ಉಪಾಯ ಬೇರೆ. ಇಂಡಿಯದಲ್ಲಿ ಸೇವೆ ಸಲ್ಲಿಸಿದ್ದ ಕರ್ನಲ್ ಫಾಸ್‌ಬರಿ 1885ರಲ್ಲಿ, ನುಣುಪು ನಳಿಗೆಯ ತುದಿಯಲ್ಲಿ ಮಾತ್ರ ಗೀರುಗಳನ್ನು ಕೊರೆದು, ಚರೆಯನ್ನೂ ಗುಂಡನ್ನೂ ಒಂದರಿಂದಲೇ ಹಾರಿಸುವ ‘ಪ್ಯಾರಡಾಕ್ಸ್’ ಕೋವಿಯನ್ನು ರೂಪಿಸಿದನು.

ಡ್ರಿಲ್ಲಿಂಗಿನ ರಚನೆಯನ್ನು ನೋಡಿದರೆ ಅದರ ಹಿಂದಿನ ಬುದ್ಧಿ ತಿಳಿಯುತ್ತದೆ. ಸಾಮಾನ್ಯ ಮಾದರಿಯಲ್ಲಿ ಮೇಲೆ ಜೋಡಿಯಾಗಿ ಎರಡು ಚರೆಯ ನಳಿಗೆಗಳು, ಅವುಗಳ ಸಂದಿನ ಕೆಳಗೆ ಒಂದು ರೈಫಲ್ ನಳಿಗೆ. ನಳಿಗೆಗಳು ಮೂರು, ಬೆರಳಿನಿಂದ ಎಳೆಯುವ ಕುದುರೆಗಳು ಮಾತ್ರ ಎರಡು. ಹಿಡಿಯ ಕೊರಳಿನ ಮೇಲಿರುವ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಸರಿಸಿದರೆ, ಮುಂದಿನ ಕುದುರೆಯು ಬಲಗಡೆಯ ನಳಿಗೆಯನ್ನು ಬಿಟ್ಟು ರೈಫಲಿಗೆ ಸಂಬಂಧಿಸುತ್ತದೆ. ಅದೇ ಕ್ಷಣದಲ್ಲಿ ನಳಿಗೆಯ ಬೆನ್ನಿನೊಳಗೆ ಮಲಗಿದ್ದ ಗುರಿಹಲಗೆ ತಾನಾಗಿ ಎದ್ದು ನಿಲ್ಲುತ್ತದೆ. ಇಷ್ಟೆಲ್ಲ ಯಂತ್ರವನ್ನು ಹೊತ್ತ ಆಯುಧವು ಒಂದು ಸಾಧಾರಣ ಜೋಡುನಳಿಗೆಯ ಕೋವಿಗಿಂತ ಬಹಳ ಭಾರವಾಗಬಾರದು. ಬೆಸುಗೆ ಹಾಕಿದ ಮೂರು ನಳಿಗೆಗಳೂ ಒಂದೇ ಗುರಿಯ ಕಡೆಗೆ ನೋಡಬೇಕು. ಇದನ್ನು ಸಾಧಿಸುವುದು ಬಹಳ ಕಾಲ ಅರದ ಮತ್ತು ಕಣ್ಣಿನ ಕೆಲಸವಾಗಿತ್ತು.

ಈ ಕೆಲಸಕ್ಕೆ ಪ್ರಸಿದ್ಧವಾದ ಊರು ತುರಿಂಗಿಯ ಕಾಡಿನ ನಡುವಣ ಜೂಲ್. ಕಬ್ಬಿಣದ ಅದಿರೂ ಇದ್ದಲಿಗೆ ಬೇಕಾದ ಮರವೂ ಅಲ್ಲಿಯೇ ದೊರೆಯುತ್ತಿದ್ದುದರಿಂದ ಹದಿನಾರನೆಯ ಶತಮಾನದಿಂದಲೂ ಅದು ಕೋವಿ ಕಮ್ಮಾರರ ಊರು. 1634ರಲ್ಲಿ, ಮೂವತ್ತು ವರ್ಷಗಳ ಯುದ್ಧದಲ್ಲಿ, ಅದನ್ನು ಸುಟ್ಟು ಬೂದಿಮಾಡಿದರು. ಊರು ಮತ್ತೆ ಎದ್ದಿತು. ಸೌವರ್ ಮನೆತನದ ಕಾರ್ಖಾನೆ 1751ರಲ್ಲಿಯೂ ಮೆರ್ಕೆಲ್ ಸಹೋದರರದು 1898ರಲ್ಲಿಯೂ ಅಲ್ಲಿ ಸ್ಥಾಪಿತವಾದುವು. ಆಕ್ರೋಡು ಮರದ ಹಿಡಿ, ಉಕ್ಕಿನ ಮೇಲೆ ಕೊರೆದ ಓಕ್ ಎಲೆಗಳ ಬಳ್ಳಿ, ಅದರ ನಡುವೆ ಕೊಂಬೆತ್ತಿ ನಿಂತ ಗಂಡು ಜಿಂಕೆ: ಇವುಗಳನ್ನು ಕಂಡವನು ಜೂಲಿನ ಕೈಯನ್ನು ಗುರುತಿಸಬಲ್ಲನು.

ಆದರೆ ಬಲ್ಲ ಸಂಗ್ರಾಹಕನು ಮೊದಲು ನೋಡುವುದು ಈ ಚಿತ್ತಾರವನ್ನಲ್ಲ. ನಳಿಗೆಗಳ ತಳದ ಮುದ್ರೆಗಳನ್ನು. 1891ರ ಮೇ 19ರ ಶಾಸನದಂತೆ, 1893ರಿಂದ, ಜರ್ಮನಿಯ ಪ್ರತಿಯೊಂದು ಕೋವಿಯನ್ನೂ ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಬೇಕಾಯಿತು. ತಾಳಿಕೊಂಡ ನಳಿಗೆಗೆ ಕಿರೀಟದ ಗುರುತು ಬೀಳುತ್ತಿತ್ತು. ಕಿರೀಟದ ಕೆಳಗೆ ‘ಜಿ’ ಇದ್ದರೆ ಸುರುಳಿ ಗೀರಿನ ನಳಿಗೆ, ‘ಎಸ್’ ಇದ್ದರೆ ಚರೆಯ ನಳಿಗೆ, ‘ಡಬ್ಲ್ಯು’ ಇದ್ದರೆ ಬಾಯಿ ಕಿರಿದಾದ ನಳಿಗೆ. 1940ರಿಂದ ಕಿರೀಟ ಹೋಗಿ ಹದ್ದಿನ ಮುದ್ರೆ ಬಂದಿತು. ಅನೇಕ ಕೋವಿಗಳಲ್ಲಿ ಪರೀಕ್ಷೆಯ ತಿಂಗಳೂ ವರ್ಷವೂ ಅಂಕಿಗಳಲ್ಲಿರುತ್ತವೆ.

ಈ ಓದು ಪಾಂಡಿತ್ಯದ ಆಟವಲ್ಲ, ಪ್ರಾಣದ ಪ್ರಶ್ನೆ. 1888ರಲ್ಲಿ ಜರ್ಮನ್ ಸೈನ್ಯವು ಅಂಗೀಕರಿಸಿದ 8 ಮಿಲಿಮೀಟರಿನ ತೋಟಾಕ್ಕೆ ತಕ್ಕಂತೆ ಹಳೆಯ ರೈಫಲ್ ನಳಿಗೆಗಳು ರಚಿತವಾಗಿದ್ದುವು. ಮುಂದಿನ ಶತಮಾನದ ಆರಂಭದಲ್ಲಿ ಬಂದ ಹೊಸ ತೋಟಾದ ಗುಂಡು ಅದಕ್ಕಿಂತ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ದಪ್ಪ. ಹೆಸರಿನಲ್ಲಿ ಎರಡೂ ಎಂಟೇ. ದಪ್ಪ ಗುಂಡನ್ನು ಹಳೆಯ ನಳಿಗೆಯಲ್ಲಿ ಹಾರಿಸಿದರೆ ಒತ್ತಡವೇರಿ ಕೋವಿಯೇ ಒಡೆಯಬಹುದು. ಆದುದರಿಂದ ನಳಿಗೆಯನ್ನು ಅಳೆಯಿಸದೆ, ಬಲ್ಲ ಕಮ್ಮಾರನಿಗೆ ತೋರಿಸದೆ, ಹಳೆಯ ಡ್ರಿಲ್ಲಿಂಗಿಗೆ ತೋಟಾ ತುಂಬುವುದು ಅವಿವೇಕ.

ಮುದ್ರೆಗಳಿಗಿಂತ ಹೆಚ್ಚು ಹೇಳುವುದು ಹೆಸರು. ಜೂಲಿನಲ್ಲಿ 1856ರಲ್ಲಿ ಸಿಮ್ಸನ್ ಎಂಬ ಯೆಹೂದಿ ಸಹೋದರರು ಸ್ಥಾಪಿಸಿದ ಕಾರ್ಖಾನೆಯೊಂದಿತ್ತು. ಸೈನ್ಯದ ಆಯುಧಗಳ ಜೊತೆಗೆ ಬೇಟೆಯ ಕೋವಿಗಳಿಗೂ ಅದು ಹೆಸರಾಗಿತ್ತು. 1935ರಲ್ಲಿ ನಾಜಿ ಅಧಿಕಾರಿಗಳು ಅದನ್ನು ಬಲಾತ್ಕಾರವಾಗಿ ಕಿತ್ತುಕೊಂಡರು. ಮರುವರ್ಷ ಆ ಕುಟುಂಬವು ದೇಶವನ್ನು ಬಿಟ್ಟು ಓಡಿತು. ಕಾರ್ಖಾನೆಯ ಫಲಕದಿಂದ ಸಿಮ್ಸನ್ ಎಂಬ ಹೆಸರು ಅಳಿಯಿತು. ಆದರೆ ಅದಕ್ಕೆ ಮೊದಲೇ ಮಾರಾಟವಾಗಿ ಮನೆಮನೆಗಳಲ್ಲಿದ್ದ ಕೋವಿಗಳ ನಳಿಗೆಯ ಮೇಲೆ ಆ ಹೆಸರು ಹಾಗೆಯೇ ಉಳಿಯಿತು. ಸರ್ಕಾರವು ಅಳಿಸಬಯಸಿದುದನ್ನು ಉಕ್ಕು ಉಳಿಸಿಕೊಂಡಿತು.

ಇನ್ನೊಂದು ಕೋವಿಯ ಕಥೆಯೂ ಇದಕ್ಕೆ ಸೇರಿದುದೇ. 1941 ಮತ್ತು 1942ರಲ್ಲಿ ಸೌವರ್ ಕಾರ್ಖಾನೆಯು ಸುಮಾರು 2,500 ಡ್ರಿಲ್ಲಿಂಗುಗಳನ್ನು ಜರ್ಮನ್ ವಾಯುಸೇನೆಗೆ ಒದಗಿಸಿತು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ವಿಮಾನ ಬಿದ್ದರೆ ವೈಮಾನಿಕನು ಬೇಟೆಯಾಡಿ ಬದುಕಲೆಂದು ಅವುಗಳನ್ನು ಅಲ್ಯೂಮಿನಿಯಂ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಈಗಿನ ಮಾರುಕಟ್ಟೆಯಲ್ಲಿ ಅವುಗಳಿಗೆ ಬಹಳ ಬೆಲೆ. ನುರಿತ ಕೈಗಳು ಶಾಂತಿಕಾಲದ ನಡಿಗೆಗೆಂದು ರೂಪಿಸಿದ ವಸ್ತುವಿನ ಮೇಲೆ ಸ್ವಸ್ತಿಕವನ್ನು ಹೊತ್ತ ಹದ್ದಿನ ಮುದ್ರೆ ಬಿದ್ದಿರುವುದು ಅಪರೂಪವೆಂದೇ ಗ್ರಾಹಕನು ಹೆಚ್ಚು ಹಣ ತೆರುತ್ತಾನೆ. ಅಪರೂಪಕ್ಕೆ ಬೆಲೆ ಕೊಡುವಾಗ ಯಾವುದಕ್ಕೆ ಬೆಲೆ ಕೊಡುತ್ತಿದ್ದೇವೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

1945ರ ಏಪ್ರಿಲಿನಲ್ಲಿ ಅಮೆರಿಕದ ಸೈನ್ಯವು ಜೂಲನ್ನು ಹಿಡಿಯಿತು. ಜುಲೈಯಲ್ಲಿ ಊರು ಸೋವಿಯತ್ ವಶಕ್ಕೆ ಹೋಯಿತು. ಸೋತ ದೇಶದ ಪ್ರಜೆಗಳು ತಮ್ಮ ಕೋವಿಗಳನ್ನೆಲ್ಲ ಒಪ್ಪಿಸಬೇಕಾಯಿತು. ತಾತನಿಂದ ಬಂದ ಡ್ರಿಲ್ಲಿಂಗುಗಳೂ ರಾಶಿಗೆ ಬಿದ್ದುವು. ಅನೇಕವು ನಾಶವಾದುವು, ಅನೇಕವು ಸಿಪಾಯಿಗಳ ಸಾಮಾನಿನಲ್ಲಿ ಸಮುದ್ರ ದಾಟಿದುವು. ಅಮೆರಿಕದ ಹಳ್ಳಿಯೊಂದರ ಅಟ್ಟದ ಮೇಲೆ ಓಕ್ ಎಲೆಯ ಕೆತ್ತನೆಯ ಕೋವಿ ಸಿಕ್ಕಿದರೆ ಅದು ಬಂದ ದಾರಿ ಬಹುಶಃ ಇದೇ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಹವ್ಯಾಸದ ಬೇಟೆಯ ಕಾಲ ಮುಗಿಯಿತು. ಅದಕ್ಕಾಗಿ ದುಃಖಿಸುವವರಲ್ಲಿ ನಾನು ಒಬ್ಬನಲ್ಲ. ಆದರೆ ಹಳೆಯ ಕೋವಿಯನ್ನು ಆದರಿಸುವುದಕ್ಕೆ ಬೇಟೆಗಾರನಾಗಬೇಕಾಗಿಲ್ಲ. ಹಳೆಯ ಖಡ್ಗವನ್ನು ನೋಡುವವರೆಲ್ಲರೂ ಯೋಧರೇ? ಸಂಗ್ರಾಹಕರಿಗೆ ನನ್ನ ಬಿನ್ನಹ ಒಂದೇ. ಹೊಸದರಂತೆ ಹೊಳೆಯಲೆಂದು ನಳಿಗೆಯನ್ನು ಉಜ್ಜಿಸಬೇಡಿ. ಸವೆದ ಕಿರೀಟವನ್ನೂ ಮಸುಕಾದ ಹೆಸರನ್ನೂ ಅರದಿಂದ ತೀಡಿ ಅಂದಗೊಳಿಸುವವನು, ದೇವಾಲಯದ ಶಾಸನದ ಮೇಲೆ ಸುಣ್ಣ ಬಳಿಯುವ ಧರ್ಮಕರ್ತನಂತೆ, ಒಳ್ಳೆಯ ಮನಸ್ಸಿನಿಂದಲೇ ಕೇಡು ಮಾಡುತ್ತಾನೆ. ಕೋವಿಯ ಜೊತೆಗೆ ಅದು ಯಾರ ಮನೆಯಿಂದ, ಯಾವ ದಾರಿಯಾಗಿ ಬಂದಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಅದನ್ನು ಕೈಗೆತ್ತಿಕೊಳ್ಳುವವನಿಗೆ ಆ ಹಾಳೆಯೂ ಬೇಕಾಗುತ್ತದೆ.