ಕಂಪನಿ ನಾಟಕದ ಕಾಲುಪೇಟಿ

ರಾಕ್ ಸಂಗೀತ ಕೇಳುವವರಿಗೆ ಡೀಪ್ ಪರ್ಪಲ್ ಗೊತ್ತಿರುತ್ತೆ. ಅದರ ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದ. ಆ ಗುರುಗುಟ್ಟುವ ಸದ್ದು ಹುಟ್ಟಿದ್ದು ಹಾಗೆ. ಇಂಥ ವಿಷಯ ಸಿಕ್ಕರೆ ನಾವು ಎಂಜಿನಿಯರುಗಳು ಗಂಟೆಗಟ್ಟಲೆ ಮಾತಾಡ್ತೀವಿ. ಆದರೆ ನಮ್ಮ ಬಾಗಲಕೋಟೆ ಸೀಮೆಯ ಕಂಪನಿ ನಾಟಕದ ಸದ್ದು ಯಾವ ಯಂತ್ರದಿಂದ ಬರ್ತಿತ್ತು ಅಂತ ಕೇಳಿದರೆ "ಪೇಟಿ" ಅಂದು ಸುಮ್ಮನಾಗ್ತೀವಿ :)

ಬರೀ ಪೇಟಿ ಅಲ್ಲರೀ, ಕಾಲುಪೇಟಿ. ಲೆಗ್ ಹಾರ್ಮೋನಿಯಂ.

ಹಾರ್ಮೋನಿಯಂ ಎಂಬ ಹೆಸರು ಕೊಟ್ಟವನು ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್, 1840ರ ಸುಮಾರಿಗೆ. ಅದನ್ನು ಕಾಲಿಂದಲೇ ತುಳಿಯಬೇಕಿತ್ತು. ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಕಲ್ಕತ್ತೆಯಲ್ಲಿ ಆಮೇಲೆ ರೂಪಗೊಂಡಿತು. ಭಜನೆಗೆ ಕೈಪೇಟಿ ಸಾಕು. ನಾಟಕದವರಿಗೆ ಮಾತ್ರ ಕಾಲಿನದೇ ಬೇಕಾಯಿತು. ಯಾಕೆ?

ಕಾರಣ ಸರಳ. ಕೈಪೇಟಿಯಲ್ಲಿ ಒಂದು ಕೈ ಗಾಳಿ ಹಾಕೋದಕ್ಕೇ ಹೋಗುತ್ತೆ. ಕಾಲುಪೇಟಿಯಲ್ಲಿ ಎರಡೂ ಕೈ ಖಾಲಿ. ಎಡಗೈ ಷಡ್ಜ-ಪಂಚಮ ಹಿಡಿದು ಕೂತರೆ ಬಲಗೈ ಹಾಡುವವರ ಹಿಂದೆ ಓಡಬಹುದು. ಇನ್ನೊಂದು, ಗಾಳಿ. ಪೇಟಿಯೊಳಗಿನ ಹಿತ್ತಾಳೆ ರೀಡಿನ ಶ್ರುತಿ ಬಹುಮಟ್ಟಿಗೆ ಅದರ ಉದ್ದ ಮತ್ತು ದಪ್ಪದ ಮೇಲೆ ನಿಂತಿದೆ. ಗಾಳಿಯ ಒತ್ತಡ ಹೆಚ್ಚಾದರೆ ಹೆಚ್ಚುವುದು ಮುಖ್ಯವಾಗಿ ಸದ್ದು. ಮೈಕು ಇಲ್ಲದ ಕಾಲದಲ್ಲಿ ಟೆಂಟಿನ ಕೊನೇ ಸಾಲಿಗೆ ಹಾಡು ಮುಟ್ಟಿಸಲು ಎರಡು ಕಾಲಿನ ಬಲ ಬೇಕಿತ್ತು.

ಶಾಸ್ತ್ರೀಯದವರಿಗೆ ಈ ಪೇಟಿ ಮೇಲೆ ಸಿಟ್ಟು. ಮೀಂಡ್ ಬರಲ್ಲ. ಸಮ ಅಂತರದ ಶ್ರುತಿಯಲ್ಲಿ ಶುದ್ಧ ಗಾಂಧಾರ ಇರಬೇಕಾದ್ದಕ್ಕಿಂತ ಸುಮಾರು 14 ಸೆಂಟ್ ಮೇಲೆ ನಿಲ್ಲುತ್ತೆ. ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರ 100 ಸೆಂಟ್. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗೇ ಇಟ್ಟಿತ್ತು. ಆದರೆ ನಾಟಕಕ್ಕೆ ಈ ಬದಲಾಗದ ಶ್ರುತಿಯೇ ವರ. ಸೈಡ್ ವಿಂಗಿನಿಂದ ಬರುವ ನಟನಿಗೆ ತಂಬೂರಿ ಕೂಡಿಸಲು ಪುರುಸೊತ್ತೆಲ್ಲಿ? "ಕರಿ ಎರಡು" ಅಂದರೆ ಕರಿ ಎರಡು, ಅಷ್ಟೇ!

ಈ ಸದ್ದಿಗೂ ನಮ್ಮ ನೆಲಕ್ಕೂ ನಂಟು ದೊಡ್ಡದು. ಹುನಗುಂದ ಸೀಮೆಯ ಕಮತಗಿ, ಚಿತ್ತರಗಿಯಂಥ ಸಣ್ಣ ಊರುಗಳ ಹೆಸರು ಹೊತ್ತ ಕಂಪನಿಗಳು ನಾಡೆಲ್ಲ ಸುತ್ತಿದವು. ಬೀಳಗಿಯ ಅಕ್ಕತಂಗಿಯರಲ್ಲಿ ಅಮೀರಬಾಯಿ ಕರ್ನಾಟಕಿ ಹಿಂದಿ ಸಿನಿಮಾದಲ್ಲಿ ಹೆಸರಾದರು. ಗೋಹರಬಾಯಿ 1930ರ ದಶಕದ ಕೊನೆಗೆ ಬಾಲಗಂಧರ್ವರ ಮರಾಠಿ ಕಂಪನಿ ಸೇರಿದರು. ಆ ಕಂಪನಿಯ ಹಾಡುಗಳ ಹಿಂದೆ ಇದ್ದದ್ದೂ ಕಾಲಲ್ಲಿ ತುಳಿಯುವ ಆರ್ಗನ್ನೇ.

ಆಮೇಲೆ ಮೈಕು ಬಂತು. ಸದ್ದಿಗಾಗಿ ತುಳಿಯುವ ಅಗತ್ಯ ಹೋಯಿತು. ಕ್ಯಾಸಿಯೋ ಕಂಪನಿ ಮೊದಲ ಕೀಬೋರ್ಡ್ ತಂದದ್ದು 1980ರಲ್ಲಿ. ಮುಂದೆ ನಮ್ಮ ಕಡೆ ಎಲ್ಲಾ ಕೀಬೋರ್ಡೂ "ಕ್ಯಾಸಿಯೋ"ನೇ ಆಯಿತು. ಈಗ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ತಿಂಗಳುಗಟ್ಟಲೆ ನಾಟಕ ನಡೆಯುತ್ತವೆ, ಕೀಬೋರ್ಡು ಮತ್ತು ರಿದಮ್ ಪ್ಯಾಡ್ ಸದ್ದಿನ ಜೊತೆ. ಅದಕ್ಕೆ ಬೈಯೋದರಲ್ಲಿ ಅರ್ಥ ಇಲ್ಲ. ಲಾರಿಯಿಂದ ಲಾರಿಗೆ ಆ ಭಾರದ ಪೆಟ್ಟಿಗೆ ಹೊತ್ತವರಿಗೇ ಗೊತ್ತು ಅದರ ಕಷ್ಟ.

ಆದರೆ ಕಳೆದುಹೋಗಿದ್ದು ಏನು ಅಂತ ಲೆಕ್ಕ ಇಡಬೇಕಲ್ವಾ? ಪೇಟಿ ಮಾಸ್ತರರು ರಂಗದ ಮುಂದೆ ನಟರಿಗೆ ಮುಖ ಮಾಡಿ ಕೂರುತ್ತಿದ್ದರು. ನಟಿ ಉಸಿರು ಎಳೆದರೆ ಇವರ ಕಾಲು ನಿಧಾನ, ಅವಳು ತಾರಕ್ಕೆ ಹೋದರೆ ತುಳಿತ ಜೋರು. ಪ್ಯಾಡಿನಲ್ಲಿ ಮೊದಲೇ ತುಂಬಿಟ್ಟ ತಾಳ ಯಾರ ಮುಖವನ್ನೂ ನೋಡಲ್ಲ.

ಪೇಟಿಯ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಸಾಫ್ಟ್‌ವೇರಿಗೆ ತುಂಬುವುದು ನಮ್ಮಂಥವರಿಗೆ ಒಂದು ವಾರಾಂತ್ಯದ ಕೆಲಸ. ಅಷ್ಟರಿಂದ ಸದ್ದು ಉಳಿಯುತ್ತೆ, ನುಡಿಸುವ ರೀತಿ ಉಳಿಯಲ್ಲ. ಇಳಕಲ್ಲೋ ಗುಳೇದಗುಡ್ಡವೋ, ನಿಮ್ಮೂರಲ್ಲಿ ಕಾಲುಪೇಟಿ ನುಡಿಸಿದ ಹಿರಿಯರು ಯಾರಾದರೂ ಇದ್ದರೆ ಈ ರಜೆಯಲ್ಲೇ ಹೋಗಿ, ನುಡಿಸಲು ಕೇಳಿ, ವಿಡಿಯೋ ಮಾಡಿ. ಬೆರಳಷ್ಟೇ ಅಲ್ಲ, ಕಾಲನ್ನೂ ಹಿಡೀರಿ.